ಪೆಟ್ಟಿಗೆ ಕಟ್ಟಿಕೊಂಡು ಹೊರಟ ದಾಖಲೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಸ್ಯ ಸಂಘಗಳ ಹಳೆಯ ಕಡತಗಳ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದ ಸಣ್ಣ ಟಿಪ್ಪಣಿಯನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಬಹುಪಾಲು ಪತ್ರಗಳ ವಿಷಯ ಒಂದೇ: ಬೀರುವಿನಲ್ಲಿ ಮಲಗಿರುವ ದಾಖಲೆಗಳನ್ನು ಸಂಚಾರಿ ಪ್ರದರ್ಶನವಾಗಿ ರೂಪಿಸಿ ಬೇರೆ ಬೇರೆ ಊರುಗಳ ಸದಸ್ಯರಿಗೂ ಸಾರ್ವಜನಿಕರಿಗೂ ತಲುಪಿಸುವುದು ಹೇಗೆ? ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಒಂದೇ ಬಗೆಯ ಹೂಗಿಡವನ್ನು ಬೆಳೆಸುವವರ ಹಳೆಯ ಸಂಘ. ಕಾರ್ಯದರ್ಶಿಗಳು ಬದಲಾದಂತೆಲ್ಲ ಮನೆಯಿಂದ ಮನೆಗೆ ಸಾಗಿಬಂದ ನಡಾವಳಿ ಪುಸ್ತಕಗಳು, ವಾರ್ತಾಪತ್ರಗಳು, ಸ್ಪರ್ಧೆಯ ಅಂಕಪಟ್ಟಿಗಳು, ನರ್ಸರಿಗಳ ಬೆಲೆಪಟ್ಟಿಗಳು, ಫೋಟೋ ಮತ್ತು ಸ್ಲೈಡುಗಳು ಈಗ ಅಂತೂ ಒಂದು ಕಡೆ ಸೇರಿವೆ. ಇವುಗಳಿಂದ ಒಂದು ಸಂಚಾರಿ ಪ್ರದರ್ಶನ ಮಾಡಬೇಕೆಂಬುದು ಸದಸ್ಯರ ಆಸೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಪಟ್ಟಿಯಿಂದ ಆರಂಭಿಸಿ. ಏನಿದೆ ಎಂದು ಬರೆದಿಡದ ಸಂಗ್ರಹದಿಂದ ಒಂದು ಹಾಳೆ ಹೊರಗೆ ಹೋದರೆ ಅದು ಹೋಯಿತೆಂದು ತಿಳಿಯುವುದಕ್ಕೂ ದಾರಿಯಿರುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಕಾಗದವಾದರೆ ಅದರ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲಿನಿಂದ ಆ ಸಂಖ್ಯೆಯನ್ನು ಬರೆದು, ಯಾರಿಂದ ಬಂತು, ಯಾವ ವರ್ಷದ್ದು, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಪುಸ್ತಕದಲ್ಲಿ ನಮೂದಿಸಿ. ಪೆನ್ನು, ಅಂಟುಚೀಟಿ, ಸೆಲೋಟೇಪು ಇವು ಮೂರನ್ನೂ ಆ ಕೋಣೆಯಿಂದಲೇ ಹೊರಗಿಡಿ.

ಇದು ಅತಿ ಎಚ್ಚರಿಕೆ ಎನಿಸಿದರೆ ಒಂದು ಹಳೆಯ ಪ್ರಸಂಗವನ್ನು ನೆನಪಿಸಿಕೊಳ್ಳಬಹುದು. 1804ರಲ್ಲಿ ಸ್ಥಾಪನೆಯಾದ ಲಂಡನ್ನಿನ ತೋಟಗಾರಿಕಾ ಸಂಘ, ಅಂದರೆ ಇಂದಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, ಸಾಲದ ಹೊರೆ ತಾಳಲಾರದೆ 1859ರಲ್ಲಿ ತನ್ನ ಗ್ರಂಥಾಲಯವನ್ನೇ ಹರಾಜಿಗಿಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಚಹಾ ಪರೀಕ್ಷಕನಾಗಿ ಕ್ಯಾಂಟನ್ನಿನಲ್ಲಿದ್ದ ಜಾನ್ ರೀವ್ಸ್ ಅಲ್ಲಿನ ಚೀನೀ ಕಲಾವಿದರಿಂದ ಬರೆಸಿ ಕಳುಹಿಸಿದ್ದ ಸಸ್ಯಚಿತ್ರಗಳು ಕೂಡ ಆ ಹರಾಜಿನಲ್ಲಿ ಹೋದವು. ಅವುಗಳಲ್ಲಿ ಕೆಲವು ಸಂಪುಟಗಳು ಹಲವು ದಶಕಗಳ ನಂತರ ಸಂಘಕ್ಕೆ ಮರಳಿದವು. ಮರಳಿದ್ದು ಯಾವುದು, ಮರಳದೇ ಉಳಿದದ್ದು ಯಾವುದು ಎಂದು ಇಂದು ಹೇಳಲು ಸಾಧ್ಯವಾಗುವುದು ಹಳೆಯ ಪಟ್ಟಿಗಳು ಉಳಿದಿರುವ ಮಟ್ಟಿಗೆ ಮಾತ್ರ.

ಪಟ್ಟಿ ಸಿದ್ಧವಾದ ಮೇಲೆ ವಿಷಯದ ಆಯ್ಕೆ. ಇಲ್ಲಿ ಬಹುತೇಕ ಸಂಘಗಳು ಮಾಡುವ ತಪ್ಪು ಒಂದಿದೆ: ಸ್ಥಾಪಕರ ಭಾವಚಿತ್ರ, ಅಧ್ಯಕ್ಷರ ಸಾಲು, ರಜತ ಮಹೋತ್ಸವ, ಸುವರ್ಣ ಮಹೋತ್ಸವ ಎಂದು ಕಾಲಾನುಕ್ರಮದಲ್ಲಿ ಎಲ್ಲವನ್ನೂ ತೋರಿಸಲು ಹೊರಡುವುದು. ಸಂಘದ ಒಳಗಿನವರಿಗೆ ಇದು ಹೆಮ್ಮೆಯ ವಿಷಯ. ಹೊರಗಿನವರು ಮೂರನೆಯ ಫಲಕಕ್ಕೇ ಸುಸ್ತಾಗುತ್ತಾರೆ. ಇದರ ಬದಲಿಗೆ ಒಂದೇ ಒಂದು ಗಿಡದ ದಾರಿಯನ್ನು ಹಿಡಿಯಿರಿ. ತಳಿ ಬೆಳೆಸಿದವರ ಟಿಪ್ಪಣಿ ಪುಸ್ತಕದಲ್ಲಿ ಅದು ಒಂದು ಸಸಿ ಸಂಖ್ಯೆಯಾಗಿತ್ತು. ನೋಂದಣಿ ಪತ್ರದಲ್ಲಿ ಅದಕ್ಕೊಂದು ಹೆಸರು ಬಂತು. ಸ್ಪರ್ಧೆಯ ಅಂಕಪಟ್ಟಿಯಲ್ಲಿ ತೀರ್ಪುಗಾರರೊಬ್ಬರು ಅದರ ಕಾಂಡ ದುರ್ಬಲವೆಂದು ಅಂಕ ಕಡಿದರು. ಬೆಲೆಪಟ್ಟಿಯಲ್ಲಿ ಅದು ಮೊದಲ ವರ್ಷ ದುಬಾರಿಯಾಗಿದ್ದು ಹತ್ತು ವರ್ಷಗಳಲ್ಲಿ ಅಗ್ಗವಾಗಿ, ಮತ್ತೆ ಸ್ವಲ್ಪ ಕಾಲದಲ್ಲಿ ಪಟ್ಟಿಯಿಂದಲೇ ಮಾಯವಾಯಿತು. ನಾಲ್ಕು ಸಾಧಾರಣ ಕಾಗದಗಳು ಹೀಗೆ ಒಂದರ ಪಕ್ಕ ಒಂದು ನಿಂತಾಗ ನೋಡುವವರು ತಾವಾಗಿಯೇ ಕೇಳುತ್ತಾರೆ: ಈಗ ಆ ಗಿಡ ಎಲ್ಲಿದೆ? ಆ ಪ್ರಶ್ನೆ ಹುಟ್ಟುವಂತೆ ಜೋಡಿಸಿದ ಪ್ರದರ್ಶನವೇ ಊರೂರು ಸುತ್ತಲು ಯೋಗ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲೂ ಈ ಮಾತಿಗೆ ಮರಳಿ ಬರುತ್ತೇನೆ.

ಪ್ರಶ್ನೆ: ಪ್ರತಿಗಳನ್ನು ಯಾರು ನೋಡುತ್ತಾರೆ, ಮೂಲವನ್ನೇ ತೋರಿಸಬೇಕು ಎಂದು ನಮ್ಮ ಹಿರಿಯ ಸದಸ್ಯರೊಬ್ಬರ ಹಟ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಚ್ಚರಿಕೆಯಿಂದ ಒಯ್ದರೆ ತೊಂದರೆಯೇನು?

ಉತ್ತರ: ಗಾಜಿನ ಪೆಟ್ಟಿಗೆ ಕೈಗಳನ್ನು ತಡೆಯುತ್ತದೆ, ಬೆಳಕನ್ನು ತಡೆಯುವುದಿಲ್ಲ. ಕಾಗದ, ಜಲವರ್ಣ, ಹಳೆಯ ಫೋಟೋ, ಒತ್ತಿ ಒಣಗಿಸಿದ ಹೂ ಮುಂತಾದ ಸೂಕ್ಷ್ಮ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಬೆಳಕಿನ ಮಿತಿ 50 ಲಕ್ಸ್ (ಲಕ್ಸ್ ಎಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ). ಸಾಮಾನ್ಯ ಸಭಾಂಗಣದಲ್ಲಿ 300ರಿಂದ 500 ಲಕ್ಸ್ ಬೆಳಕಿರುತ್ತದೆ. ಬೆಳಕಿನಿಂದಾಗುವ ಹಾನಿ ಸಂಚಯವಾಗುತ್ತ ಹೋಗುವಂಥದ್ದು. ರಾತ್ರಿ ದೀಪ ಆರಿಸಿದರೆ ಮುಂದಿನ ಹಾನಿ ನಿಲ್ಲುತ್ತದೆಯೇ ಹೊರತು ಆದದ್ದು ಹಿಂದಕ್ಕೆ ಹೋಗುವುದಿಲ್ಲ. 50 ಲಕ್ಸ್ ಬೆಳಕಿನಲ್ಲಿ ದಿನಕ್ಕೆ 8 ಗಂಟೆಯಂತೆ 100 ದಿನ ತೋರಿಸಿದರೆ ಒಟ್ಟು 40,000 ಲಕ್ಸ್-ಗಂಟೆಯಾಗುತ್ತದೆ. ಅಷ್ಟೇ ಪ್ರಮಾಣವನ್ನು 500 ಲಕ್ಸ್ ಇರುವ ಸಭಾಂಗಣ 10 ದಿನಗಳಲ್ಲಿ ಮುಗಿಸುತ್ತದೆ. ಕಿಟಕಿಯಿಂದ ನೇರ ಬಿಸಿಲು ಬಿದ್ದು 50,000 ಲಕ್ಸ್ ಮುಟ್ಟಿತೆಂದರೆ ಒಂದು ಗಂಟೆಯೂ ಬೇಕಾಗುವುದಿಲ್ಲ. ಪ್ರದರ್ಶನ ಸಂಚಾರದಲ್ಲಿರುವಾಗ ಪ್ರತಿ ಊರಿನ ಕಿಟಕಿ ಎಲ್ಲಿದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಇದಕ್ಕೆ ಸ್ವಾರಸ್ಯಕರವಾದ ಅಪವಾದವೂ ಇದೆ. ಜಾನ್ ಹರ್ಷಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿಮುದ್ರಣ ವಿಧಾನವನ್ನು ಮರುವರ್ಷವೇ ಅನ್ನಾ ಆಟ್ಕಿನ್ಸ್ ಎಂಬ ಇಂಗ್ಲಿಷ್ ಮಹಿಳೆ ಕಡಲಪಾಚಿಗಳ ಚಿತ್ರಗಳಿಗೆ ಬಳಸಿದರು. ಫೋಟೋಚಿತ್ರಗಳನ್ನೊಳಗೊಂಡ ಮೊದಲ ಪುಸ್ತಕವೆಂದು ಸಾಮಾನ್ಯವಾಗಿ ಗಣಿಸಲಾಗುವುದು ಆಕೆಯ ಆ ಸಂಪುಟಗಳನ್ನೇ. ಸಯನೋಟೈಪ್ ಬೆಳಕಿನಲ್ಲಿ ಮಸುಕಾದರೂ ಕತ್ತಲಲ್ಲಿಟ್ಟರೆ ಬಣ್ಣವನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆಯುತ್ತದೆ. ಆದರೆ ಅದಕ್ಕೆ ಕ್ಷಾರ ಆಗದು; ಬೇರೆಲ್ಲ ಕಾಗದಗಳಿಗೆ ಒಳ್ಳೆಯದೆಂದು ನಾವು ಕೊಂಡುತರುವ ಕ್ಷಾರಯುಕ್ತ ಸಂರಕ್ಷಣಾ ಲಕೋಟೆ ನೀಲಿಮುದ್ರಣವನ್ನು ಕೆಡಿಸುತ್ತದೆ. ಎಲೆಗಳ ನೀಲಿಮುದ್ರಣಗಳು ನಿಮ್ಮ ಸಂಗ್ರಹದಲ್ಲಿದ್ದರೆ ಅವನ್ನು ಬೇರೆಯಾಗಿ, ಕ್ಷಾರ ಸೇರಿಸದ ಕಾಗದದಲ್ಲಿಡಿ.

ಸ್ಲೈಡುಗಳ ವಿಷಯ ಇನ್ನೂ ಬೇರೆ. 1936ರಿಂದ 35 ಮಿಲಿಮೀಟರ್ ಸ್ಲೈಡುಗಳ ರೂಪದಲ್ಲಿ ದೊರೆತ ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮ್ ಕತ್ತಲಲ್ಲಿ ಬಹುಕಾಲ ಬಣ್ಣ ಉಳಿಸಿಕೊಳ್ಳುತ್ತದೆ; ಪ್ರೊಜೆಕ್ಟರಿನ ದೀಪದ ಎದುರು ಮಾತ್ರ ಬೇಗ ಸೋಲುತ್ತದೆ. ಎಲ್ಲರೂ ಮೆಚ್ಚಿದ ಕಾರಣಕ್ಕೆ ಪ್ರತಿ ವರ್ಷದ ಸಭೆಯಲ್ಲೂ ತೋರಿಸಿದ ಸ್ಲೈಡೇ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮಸುಕಾಗಿರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಮೂಲ ಸ್ಲೈಡನ್ನು ಇನ್ನು ಮುಂದೆ ಪ್ರೊಜೆಕ್ಟರಿಗೆ ಹಾಕಲೇಬೇಡಿ. ಅಂಗುಲಕ್ಕೆ 4,000 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ 24×36 ಮಿಲಿಮೀಟರಿನ ಆ ಚೌಕದಿಂದ ಸುಮಾರು 3,780×5,670 ಬಿಂದುಗಳ ಚಿತ್ರ ಸಿಗುತ್ತದೆ. ಎ3 ಅಳತೆಯಲ್ಲಿ ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಲು ಅಷ್ಟು ಸಾಕು. ನೆಗೆಟಿವ್ ಪೆಟ್ಟಿಗೆ ತೆರೆದಾಗ ವಿನೆಗರಿನ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮ್ ಕೊಳೆಯುತ್ತಿರುವ ಸೂಚನೆ. ಅದನ್ನು ಉಳಿದವುಗಳಿಂದ ಪ್ರತ್ಯೇಕಿಸಿ ಮೊದಲು ಸ್ಕ್ಯಾನ್ ಮಾಡಿಸಿ. 1950ರ ದಶಕದ ಆರಂಭಕ್ಕಿಂತ ಹಿಂದಿನ ಫಿಲ್ಮ್ ನೈಟ್ರೇಟ್ ಆಗಿರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ತಜ್ಞರಿಗೆ ತೋರಿಸದೆ ಇಟ್ಟುಕೊಳ್ಳಲೂ ಬಾರದು, ಸಾಗಿಸಲೂ ಬಾರದು.

ಇನ್ನು ನಿಮ್ಮ ಹಿರಿಯರ ಹಟದಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. ಮೂಲವಸ್ತುವಿನ ಎದುರು ನಿಂತಾಗ ಆಗುವ ಅನುಭವವೇ ಬೇರೆ. ಆ ಅನುಭವಕ್ಕಾಗಿ ಜನರು ಸಂಗ್ರಹದ ಬಳಿಗೆ ಬರಲಿ. ವರ್ಷಕ್ಕೊಮ್ಮೆ ಅಂಥ ದಿನವನ್ನು ಗೊತ್ತುಮಾಡಿ. ಊರೂರಿಗೆ ಹೋಗುವುದು ಒಳ್ಳೆಯ ಪ್ರತಿಕೃತಿಯಾಗಿರಲಿ, ಮತ್ತು ಅದು ಪ್ರತಿಕೃತಿಯೆಂದು ಫಲಕದಲ್ಲಿ ಸ್ಪಷ್ಟವಾಗಿ ಬರೆದಿರಲಿ. ಮೂಲದ ಅಳತೆಯಲ್ಲೇ, ಅದರ ಮಡಿಕೆ, ಕಲೆ, ಹಿಂಬದಿಯ ಬರಹ ಸಮೇತ ಮುದ್ರಿಸಿದ ಪ್ರತಿಯನ್ನು ನೋಡುಗರು ಕೈಯಲ್ಲಿ ಹಿಡಿಯಬಹುದು, ತಿರುಗಿಸಿ ನೋಡಬಹುದು, ಬೇಕಾದರೆ ಅದರ ಮೇಲೆ ಗುರುತು ಹಾಕಲೂಬಹುದು. ಗಾಜಿನೊಳಗಿನ ಮೂಲಕ್ಕೆ ಈ ಅನುಕೂಲ ಇಲ್ಲ.

ಪ್ರಶ್ನೆ: ಸದಸ್ಯರೊಬ್ಬರ ಅಜ್ಜ ಸಿದ್ಧಪಡಿಸಿದ ಒಣಸಸ್ಯಗಳ ಹಾಳೆಗಳು, ಅಂದರೆ ಹರ್ಬೇರಿಯಂ ಹಾಳೆಗಳು, ನಮ್ಮಲ್ಲಿವೆ. ಅವನ್ನಾದರೂ ಒಯ್ಯಬಹುದೇ? ಮಕ್ಕಳಿಗೆ ಬಹಳ ಇಷ್ಟವಾಗುತ್ತವೆ.

ಉತ್ತರ: ಮಕ್ಕಳ ಮಾತು ಬಂದದ್ದರಿಂದಲೇ ಇದಕ್ಕೆ ಖಂಡಿತವಾಗಿ ಬೇಡವೆನ್ನುತ್ತೇನೆ. ಕೀಟಗಳಿಂದ ರಕ್ಷಿಸಲೆಂದು ಹಿಂದಿನವರು ಒಣಸಸ್ಯಗಳಿಗೆ ಪಾದರಸದ ಕ್ಲೋರೈಡ್ ದ್ರಾವಣವನ್ನು ಹಚ್ಚುತ್ತಿದ್ದರು, ಕೆಲವೆಡೆ ಆರ್ಸೆನಿಕ್ ಕೂಡ ಬಳಸುತ್ತಿದ್ದರು. ಈ ರೂಢಿ 18ನೆಯ ಶತಮಾನದಿಂದ 20ನೆಯ ಶತಮಾನದವರೆಗೂ ನಡೆದುಬಂತು. ಗಿಡದ ಸುತ್ತ ಕಾಗದದ ಮೇಲೆ ಬೂದು ಅಥವಾ ಕಪ್ಪು ನೆರಳಿನಂಥ ಕಲೆ ಕಂಡರೆ ಸಂಶಯಪಡಬೇಕು. ಕಲೆ ಕಾಣದಿದ್ದ ಮಾತ್ರಕ್ಕೆ ವಿಷವಿಲ್ಲವೆಂದೂ ತಿಳಿಯಬಾರದು. ಅಂಥ ಹಾಳೆಗಳಿಂದ ಪಾದರಸದ ಆವಿ ಇಂದಿಗೂ ಹೊರಬರಬಹುದು, ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಅದು ತುಂಬಿಕೊಳ್ಳಲೂಬಹುದು. ಗಾಳಿಯಾಡುವ ಜಾಗದಲ್ಲಿ, ಕೈಗವಸು ಧರಿಸಿ ತೆರೆಯಿರಿ; ಆ ಮೇಜಿನ ಬಳಿ ಊಟ ತಿಂಡಿ ಬೇಡ. ಪರೀಕ್ಷೆ ಮಾಡಿಸಬೇಕಿದ್ದರೆ ವಿಶ್ವವಿದ್ಯಾಲಯದ ಅಥವಾ ಸಸ್ಯೋದ್ಯಾನದ ಹರ್ಬೇರಿಯಂನವರನ್ನು ಕೇಳಿ.

ವಿಷ ಹಚ್ಚದ ಹಾಳೆಗೆ ತೊಂದರೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಸಿಗರೇಟ್ ಜೀರುಂಡೆ, ಬಿಸ್ಕತ್ತು ಜೀರುಂಡೆ ಎಂದು ಕರೆಯಲಾಗುವ ಪುಟ್ಟ ಕೀಟಗಳಿಗೆ ಒಣ ಹೂವಿನ ತಲೆಗಳೆಂದರೆ ಪ್ರಾಣ. ಹತ್ತು ಊರು ಸುತ್ತಿ ಬಂದ ಪೆಟ್ಟಿಗೆ ಇಂಥ ಅತಿಥಿಗಳನ್ನು ನಿಮ್ಮ ಇಡೀ ಸಂಗ್ರಹಕ್ಕೆ ತಂದು ಬಿಡಬಲ್ಲದು. ಹಾಗಾಗಿ ಹೊರಗಿನಿಂದ ಮರಳುವ ಯಾವುದೇ ಸಸ್ಯವಸ್ತುವನ್ನು ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಣ್ಪಿನಲ್ಲಿ ಒಂದೆರಡು ವಾರ ಇಟ್ಟು, ಆಮೇಲೆ ಕೋಣೆಯ ಉಷ್ಣತೆಗೆ ಪೂರ್ತಿ ಬಂದ ನಂತರವೇ ಚೀಲವನ್ನು ಬಿಚ್ಚಬೇಕು. ಅವಸರಪಟ್ಟು ಮೊದಲೇ ಬಿಚ್ಚಿದರೆ ಹಾಳೆಯ ಮೇಲೆ ನೀರು ಕಟ್ಟುತ್ತದೆ.

ಗಡಿ ದಾಟುವ ಯೋಜನೆಯಿದ್ದರೆ ಕಾನೂನೂ ಅಡ್ಡ ಬರುತ್ತದೆ. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಸೈಟ್ಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ, ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವಿದೆ, ಪಾಪಾಸುಕಳ್ಳಿಗಳ ಕುಟುಂಬವೂ ಬಹುಪಾಲು ಇದೆ. ಒಪ್ಪಂದದ ದೃಷ್ಟಿಯಲ್ಲಿ ಸತ್ತು ಒಣಗಿದ ಮಾದರಿಯೂ ಮಾದರಿಯೇ. ನೋಂದಾಯಿತ ವೈಜ್ಞಾನಿಕ ಸಂಸ್ಥೆಗಳ ನಡುವಿನ ವಿನಿಮಯಕ್ಕೆ ವಿನಾಯಿತಿಯಿದೆ. ಹವ್ಯಾಸಿಗಳ ಸಂಘ ಸಾಮಾನ್ಯವಾಗಿ ಆ ವರ್ಗಕ್ಕೆ ಸೇರುವುದಿಲ್ಲ.

ಮಕ್ಕಳಿಗೆ ತೋರಿಸಲು ನಿಮ್ಮದೇ ತೋಟದ ಗಿಡಗಳಿಂದ ಹೊಸ ಹಾಳೆಗಳನ್ನು ಮಾಡಿ. ಹಳೆಯ ಹಾಳೆಯ ಪೂರ್ಣ ಅಳತೆಯ ಮುದ್ರಿತ ಚಿತ್ರವನ್ನು ಪಕ್ಕದಲ್ಲಿಡಿ. ಅಜ್ಜನ ಕೈಬರಹದ ಚೀಟಿಯನ್ನು ದೊಡ್ಡದಾಗಿಸಿ ಮುದ್ರಿಸಿದರೆ, ನನ್ನ ಅನುಭವದಲ್ಲಿ, ಗಿಡಕ್ಕಿಂತ ಹೆಚ್ಚು ಹೊತ್ತು ಜನರನ್ನು ಹಿಡಿದು ನಿಲ್ಲಿಸುವುದು ಅದೇ.

ಪ್ರಶ್ನೆ: ಹಳೆಯ ಕಡತಗಳಲ್ಲಿರುವ ಗಿಡಗಳ ಹೆಸರು ಒಂದು, ಈಗಿನ ಪುಸ್ತಕಗಳಲ್ಲಿರುವುದು ಇನ್ನೊಂದು. ಫಲಕದ ಮೇಲೆ ಯಾವುದನ್ನು ಬರೆಯಬೇಕು? ಹಳೆಯ ಫೋಟೋಗಳೆಲ್ಲ ಕಪ್ಪು ಬಿಳುಪು. ಹೂವಿನ ಪ್ರದರ್ಶನದಲ್ಲಿ ಬಣ್ಣವೇ ಇಲ್ಲದಿದ್ದರೆ ಹೇಗೆ?

ಉತ್ತರ: ಎರಡೂ ಹೆಸರನ್ನು ಬರೆಯಿರಿ: ಮೊದಲು ದಾಖಲೆಯಲ್ಲಿ ಇದ್ದಂತೆಯೇ, ಕಾಗುಣಿತದ ತಪ್ಪನ್ನೂ ತಿದ್ದದೆ; ಅದರ ಕೆಳಗೆ ಈಗ ಒಪ್ಪಿತವಾದ ಹೆಸರು, ಯಾವ ವರ್ಷ ಪರಿಶೀಲಿಸಿದ್ದು ಎಂಬುದರೊಂದಿಗೆ. ವರ್ಷ ಏಕೆಂದರೆ ಹೆಸರುಗಳು ಮತ್ತೆ ಬದಲಾಗುತ್ತವೆ. ತೋಟದ ಸೇವಂತಿಗೆಯನ್ನೇ ನೋಡಿ: 1961ರಲ್ಲಿ ವರ್ಗೀಕರಣದ ಪರಿಷ್ಕರಣೆಯಾಗಿ ಅದು ಕ್ರಿಸಾಂಥಮಮ್ ಕುಲದಿಂದ ಡೆಂಡ್ರಾಂಥೆಮ ಕುಲಕ್ಕೆ ಹೋಯಿತು, ಬೆಳೆಗಾರರು ದಶಕಗಳ ಕಾಲ ಗೊಣಗಿದ ನಂತರ, 1999ರ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಹಳೆಯ ಹೆಸರನ್ನೇ ಅದಕ್ಕೆ ಉಳಿಸಿಕೊಟ್ಟಿತು. ಈ ನಡುವಿನ ಅವಧಿಯಲ್ಲಿ ‘ಸರಿಯಾದ’ ಹೆಸರನ್ನಷ್ಟೇ ಬರೆದಿಟ್ಟ ಸಂಘದ ಫಲಕಗಳು ಈಗ ತಪ್ಪಾಗಿವೆ, ‘ತಪ್ಪು’ ಹೆಸರನ್ನು ಹಟದಿಂದ ಉಳಿಸಿಕೊಂಡವರದು ಸರಿಯಾಗಿದೆ.

ಬೆಳೆಸಿದ ತಳಿಗಳ ಹೆಸರಿಗೆ ಪ್ರತ್ಯೇಕ ನಿಯಮಾವಳಿಯಿದೆ. ಅದರ ಮೊದಲ ಆವೃತ್ತಿ 1953ರದು. ಒಂದೊಂದು ಸಸ್ಯ ಗುಂಪಿನ ತಳಿಹೆಸರುಗಳನ್ನು ನೋಂದಾಯಿಸುವ ಅಂತರರಾಷ್ಟ್ರೀಯ ಜವಾಬ್ದಾರಿಯನ್ನು ಒಂದೊಂದು ಸಂಸ್ಥೆಗೆ ವಹಿಸಲಾಗಿದೆ. ಉದಾಹರಣೆಗೆ, 1920ರಲ್ಲಿ ಆರಂಭವಾದ ಅಮೆರಿಕನ್ ಐರಿಸ್ ಸೊಸೈಟಿ ಗೆಡ್ಡೆಯಿಲ್ಲದ ಐರಿಸ್‌ಗಳ ನೋಂದಣಿಯನ್ನು ನೋಡಿಕೊಳ್ಳುತ್ತದೆ. ಆರ್ಕಿಡ್ ಮಿಶ್ರತಳಿಗಳ ನೋಂದಣಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಕೈಯಲ್ಲಿದೆ. ನಿಮ್ಮ ಕಡತದಲ್ಲಿ ಸಿಕ್ಕ ಹೆಸರನ್ನು ಸಂಬಂಧಪಟ್ಟ ನೋಂದಣಿ ಪಟ್ಟಿಯೊಂದಿಗೆ ಹೋಲಿಸಿ. ಅಲ್ಲಿ ಇಲ್ಲದ ಹೆಸರು ನಿಮ್ಮ ಕಾಗದಗಳಲ್ಲಿ ಇದ್ದರೆ ಅದನ್ನು ತಪ್ಪೆಂದು ಬದಿಗಿಡಬೇಡಿ. ಪ್ರದರ್ಶನಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಸಿಗಲಿಕ್ಕಿಲ್ಲ.

ಬಣ್ಣದ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು. ಬಣ್ಣದ ಫಿಲ್ಮ್ ಸುಲಭವಾಗಿ ಸಿಗುವ ಮುಂಚೆ ಬೆಳೆಗಾರರು ಬಣ್ಣವನ್ನು ಮಾತಿನಲ್ಲಿ ಹಿಡಿದಿಡಬೇಕಾಗಿತ್ತು. ‘ಕೆನ್ನೇರಳೆ’ ಎಂದರೆ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲವಾದ್ದರಿಂದ ಅವರು ಬಣ್ಣದ ಪಟ್ಟಿಗಳ ಮೊರೆಹೋದರು. ಅಮೆರಿಕದ ಪಕ್ಷಿಶಾಸ್ತ್ರಜ್ಞ ರಾಬರ್ಟ್ ರಿಜ್‌ವೇ 1912ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೆಸರಿಟ್ಟ 1,115 ಬಣ್ಣಗಳ ತುಣುಕುಗಳಿದ್ದವು. ಹಕ್ಕಿಗಳ ಗರಿಗಾಗಿ ಹೊರಟ ಆ ಪಟ್ಟಿಯನ್ನು ಹೂಗಳ ವಿವರಣೆಗೂ ಧಾರಾಳವಾಗಿ ಬಳಸಿಕೊಂಡರು. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಪಟ್ಟಿ ಬಂದದ್ದು 1966ರಲ್ಲಿ, ಅದರ ಪರಿಷ್ಕೃತ ಆವೃತ್ತಿಗಳು ಇಂದಿಗೂ ಬಳಕೆಯಲ್ಲಿವೆ. ನಿಮ್ಮ ನೋಂದಣಿ ಪತ್ರದಲ್ಲಿ ಇಂಥ ಪಟ್ಟಿಯ ಹೆಸರೋ ಸಂಖ್ಯೆಯೋ ಇದ್ದರೆ, ಕಪ್ಪು ಬಿಳುಪು ಫೋಟೋದ ಪಕ್ಕದಲ್ಲಿ ಆ ಬಣ್ಣದ ಚೌಕಗಳನ್ನು ಜೋಡಿಸಿ: ಮೇಲಿನ ದಳಕ್ಕೊಂದು, ಕೆಳದಳಕ್ಕೊಂದು, ಗಂಟಲಿಗೊಂದು. ಮುದ್ರಣದಲ್ಲಿ ಬಣ್ಣ ಸ್ವಲ್ಪ ಹೊರಳುತ್ತದೆ ಎಂಬ ಸೂಚನೆಯನ್ನು ಚೌಕದ ಕೆಳಗೇ ಕೊಡಿ. ಫೋಟೋಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸುವ ಆಸೆಗೆ ಮಾತ್ರ ಬೀಳಬೇಡಿ. ಹಾಗೆ ತುಂಬಿಸಿದ ಬಣ್ಣ ದಾಖಲೆಯಲ್ಲ, ಊಹೆ. ಆದರೆ ನೋಡಿದವರು ಅದನ್ನೇ ದಾಖಲೆಯೆಂದು ನೆನಪಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಫಲಕಗಳ ಅಳತೆ, ಸಾಗಣೆ ಇತ್ಯಾದಿಗಳ ಬಗ್ಗೆ ನಾಲ್ಕು ಮಾತು ಹೇಳಿ.

ಉತ್ತರ: ನಾಲ್ಕೇ ಮಾತು ಸಾಕು. ಒಬ್ಬರೇ ಎತ್ತಬಹುದಾದ ಪೆಟ್ಟಿಗೆಗಳು, ಸಾಮಾನ್ಯ ಕಾರಿನಲ್ಲಿ ಹಿಡಿಸುವ ಉದ್ದ, ಉಪಕರಣಗಳಿಲ್ಲದೆ ಇಬ್ಬರು ಒಂದು ಗಂಟೆಯಲ್ಲಿ ನಿಲ್ಲಿಸಬಹುದಾದ ಫಲಕಗಳು, ಇವು ಮೂರು ಇಲ್ಲದಿದ್ದರೆ ಪ್ರದರ್ಶನ ಎರಡನೆಯ ಊರಿನಲ್ಲೇ ನಿಂತುಬಿಡುತ್ತದೆ. ಫಲಕದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರಿಗೆ ಹಿತ. ಮಕ್ಕಳಿಗೂ ಗಾಲಿಕುರ್ಚಿಯಲ್ಲಿರುವವರಿಗೂ ಮುಖ್ಯ ವಸ್ತುಗಳನ್ನು ಮೇಜಿನ ಮಟ್ಟದಲ್ಲಿಡಿ. ಒಂದು ಫಲಕಕ್ಕೆ ಅರವತ್ತು ಎಪ್ಪತ್ತು ಪದಗಳಿಗಿಂತ ಹೆಚ್ಚು ಬರೆಯುವ ಆಸೆಯಾದಾಗ, ಉಳಿದದ್ದನ್ನು ಮೇಜಿನ ಮೇಲಿಡುವ ಕಿರುಹೊತ್ತಗೆಗೆ ಕಳುಹಿಸಿ. ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗಡೆ, ಒಳಗಿನ ವಸ್ತುಗಳನ್ನು ಜೋಡಿಸಿದ ರೀತಿಯ ಫೋಟೋವನ್ನು ಅಂಟಿಸಿ. ಬಿಚ್ಚುವವರು ಮತ್ತು ಕಟ್ಟುವವರು ಬೇರೆಬೇರೆಯಾಗಿರುತ್ತಾರೆ. ವಿಮೆ ಮಾಡಿಸುವುದಾದರೆ ಅದು ಪ್ರದರ್ಶನದ ದಿನಗಳಿಗಷ್ಟೇ ಸೀಮಿತವಾಗಿರದೆ, ಹೊರಟ ಗಳಿಗೆಯಿಂದ ಮರಳಿದ ಗಳಿಗೆಯವರೆಗೆ ಇರಬೇಕು, ಏಕೆಂದರೆ ಹೆಚ್ಚಿನ ಪೆಟ್ಟು ಬೀಳುವುದು ದಾರಿಯಲ್ಲಿ.

ಪ್ರಶ್ನೆ: ಹಳೆಯ ಸದಸ್ಯರು ಪರಸ್ಪರ ಬರೆದ ಪತ್ರಗಳು ಬಹಳ ರಸವತ್ತಾಗಿವೆ. ಅವುಗಳನ್ನು ಪ್ರದರ್ಶಿಸಲು ಅನುಮತಿ ಬೇಕೇ?

ಉತ್ತರ: ಬೇಕಾಗಬಹುದು. ಪತ್ರದ ಕಾಗದ ಪಡೆದವರ ಸೊತ್ತಾದರೂ ಅದರ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಲೇಖಕರ ಮರಣದ ನಂತರ ಕನಿಷ್ಠ 50 ವರ್ಷ ಈ ಹಕ್ಕು ಇರುತ್ತದೆ. ಭಾರತದಲ್ಲಿ 60 ವರ್ಷ, ಅನೇಕ ದೇಶಗಳಲ್ಲಿ 70 ವರ್ಷ. ಕಾನೂನು ಬಿಟ್ಟು ಸೌಜನ್ಯದ ಮಾತನ್ನೂ ಸೇರಿಸುತ್ತೇನೆ. ತಳಿ ಬೆಳೆಸುವವರು ಒಬ್ಬರ ಹೂವಿನ ಬಗ್ಗೆ ಇನ್ನೊಬ್ಬರಿಗೆ ಬರೆದದ್ದು ಕೆಲವೊಮ್ಮೆ ಬಹಳ ಖಾರವಾಗಿರುತ್ತದೆ, ಮತ್ತು ಅವರ ಮೊಮ್ಮಕ್ಕಳು ಇಂದು ನಿಮ್ಮ ಸಂಘದಲ್ಲೇ ಇರಬಹುದು. ಗಿಡದ ಬಗ್ಗೆ ಹೇಳುವ ಸಾಲುಗಳನ್ನು ಆರಿಸಿ, ವಿಳಾಸ, ಕಾಯಿಲೆ, ಹಣಕಾಸಿನ ಸಾಲುಗಳನ್ನು ಬಿಡಿ.

ಪ್ರಶ್ನೆ: ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದರೆ ಮುಗಿಯಿತಲ್ಲವೇ? ಇಷ್ಟೆಲ್ಲ ಪೆಟ್ಟಿಗೆ ಹೊತ್ತು ತಿರುಗುವ ಶ್ರಮ ಏಕೆ?

ಉತ್ತರ: ಸ್ಕ್ಯಾನ್ ಮಾಡಿ ಹಾಕಲೇಬೇಕು; ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಆದರೆ ಅಂತರ್ಜಾಲದಲ್ಲಿ ಹುಡುಕುವವರು ಏನನ್ನು ಹುಡುಕಬೇಕೆಂದು ಮೊದಲೇ ತಿಳಿದವರು. ಸಂಘಕ್ಕೆ ನಿಜವಾಗಿ ಬೇಕಾದವರು ಬೇರೆಯೇ ಇದ್ದಾರೆ: ತಮ್ಮ ಹಿತ್ತಿಲಿನಲ್ಲಿರುವುದು ಏನೆಂದು ತಿಳಿಯದೆ ಐವತ್ತು ವರ್ಷಗಳಿಂದ ಅದನ್ನು ಕಾಪಾಡಿಕೊಂಡು ಬಂದವರು.

ಇದು ಸಸ್ಯ ಸಂಘಗಳ ದಾಖಲೆಗಳಿಗಷ್ಟೇ ಇರುವ ವಿಶೇಷ. ನಾಣ್ಯಗಳ ಸಂಘಕ್ಕೋ ಅಂಚೆಚೀಟಿಗಳ ಸಂಘಕ್ಕೋ ಸಂಗ್ರಹದ ವಸ್ತು ತಾನಾಗಿ ಮರಿ ಹಾಕುವುದಿಲ್ಲ. ಗೆಡ್ಡೆ, ಬೇರುಕಾಂಡ, ಕಡ್ಡಿ, ಕಸಿಗಳಿಂದ ಹಬ್ಬಿಸುವ ತಳಿ ಎಷ್ಟು ಕೈ ದಾಟಿದರೂ ಅದೇ ಗಿಡ. 1620ರಷ್ಟು ಹಿಂದಿನದೆಂದು ದಾಖಲಾಗಿರುವ ‘ಜೋಮರ್‌ಸ್ಕೋನ್’ ಎಂಬ ಟ್ಯುಲಿಪ್ ಇಂದಿಗೂ ಬೆಳೆಯುತ್ತಿದೆ. ನೆದರ್‌ಲ್ಯಾಂಡ್ಸಿನ ಲಿಮ್ಮೆನ್ ಊರಿನ ಹಾರ್ಟಸ್ ಬಲ್ಬೋರಮ್ ಇಂಥ ಹಳೆಯ ಗೆಡ್ಡೆಹೂಗಳಿಗೆಂದೇ ಇರುವ ತೋಟ. ಫ್ರಾನ್ಸಿನಲ್ಲಿ ಲೆಮೋನ್ ಎಂಬ ಬೆಳೆಗಾರ 1840ರಲ್ಲಿ ಬಿಡುಗಡೆ ಮಾಡಿದ ‘ಹೊನೊರಾಬಿಲೆ’ ಎಂಬ ಐರಿಸ್ ಈಗಲೂ ತೋಟಗಳಲ್ಲಿ ಅರಳುತ್ತಿದೆ. ಹೀಗಿರುವಾಗ ನಿಮ್ಮ ಪಟ್ಟಿಯಲ್ಲಿ ‘ಅಳಿದಿದೆ’ ಎಂದು ಬರೆದಿರುವ ತಳಿ ಅಳಿಯದೆ, ಹೆಸರು ಕಳೆದುಕೊಂಡು ಯಾವುದೋ ಬೇಲಿಯ ಬುಡದಲ್ಲಿ ಇರುವ ಸಾಧ್ಯತೆ ಸಣ್ಣದಲ್ಲ. ಇಂಥ ಹುಡುಕಾಟಕ್ಕೆಂದೇ ಸಂಘಗಳು ಹುಟ್ಟಿವೆ. ಅಮೆರಿಕದಲ್ಲಿ ಹಳೆಯ ಐರಿಸ್‌ಗಳ ಸಂರಕ್ಷಣಾ ಸಂಘ 1988ರಲ್ಲಿ ರೂಪುಗೊಂಡಿತು.

ಆದ್ದರಿಂದ ಪ್ರದರ್ಶನದ ಕೊನೆಯ ಫಲಕದಲ್ಲಿ ನಿಮಗೆ ತಿಳಿಯದ ವಿಷಯಗಳನ್ನು ಹಾಕಿ. ಹೆಸರಿಲ್ಲದ ಫೋಟೋಗಳು, ಯಾರ ತೋಟವೆಂದು ಗೊತ್ತಿಲ್ಲದ ಚಿತ್ರ, ಬೆಲೆಪಟ್ಟಿಯಲ್ಲಿದ್ದು ಈಗ ಯಾರಲ್ಲೂ ಕಾಣದ ತಳಿಗಳ ವಿವರಣೆ. ಪ್ರತಿಯೊಂದರ ಕೆಳಗೆ ದೊಡ್ಡ ಅಕ್ಷರದಲ್ಲಿ ಸಂಗ್ರಹದ ಸಂಖ್ಯೆ. ಪಕ್ಕದಲ್ಲಿ ಖಾಲಿ ಚೀಟಿಗಳು, ಪೆನ್ಸಿಲು, ಒಂದು ಪೆಟ್ಟಿಗೆ. ಸಾಧ್ಯವಾದರೆ ಹತ್ತಿರದಲ್ಲೊಂದು ಕುರ್ಚಿ, ಹಾಗೂ ಹೇಳುವುದನ್ನು ತಾಳ್ಮೆಯಿಂದ ಬರೆದುಕೊಳ್ಳುವ ಒಬ್ಬ ಸದಸ್ಯ. ವಯಸ್ಸಾದವರು ಬರೆಯುವುದಕ್ಕಿಂತ ಹೇಳುವುದನ್ನು ಇಷ್ಟಪಡುತ್ತಾರೆ. ನಾನು ನೋಡಿದ ಒಂದು ಪ್ರದರ್ಶನದಲ್ಲಿ, ಬಹುಮಾನ ಪಡೆದ ಹೂಗಳ ದೊಡ್ಡ ಬಣ್ಣದ ಚಿತ್ರಗಳ ಮುಂದೆ ಜನರು ಬೇಗ ಬೇಗ ನಡೆದುಹೋಗಿ, ಮಸುಕಾದ ಒಂದು ಗುಂಪುಚಿತ್ರದ ಸುತ್ತ ಅರ್ಧ ಗಂಟೆ ನಿಂತಿದ್ದರು. ಅದರ ಕೆಳಗೆ ಇದ್ದದ್ದು ಒಂದೇ ಸಾಲು: ‘ಇವರಲ್ಲಿ ಯಾರನ್ನಾದರೂ ಬಲ್ಲಿರಾ?’

ಒಂದು ಎಚ್ಚರಿಕೆ. ‘ಇದು ನಮ್ಮ ಮನೆಯಲ್ಲಿದೆ’ ಎಂದು ಬರುವ ಎಲ್ಲ ಚೀಟಿಗಳೂ ನಿಜವಾಗುವುದಿಲ್ಲ. ಬೀಜದಿಂದ ಹುಟ್ಟಿದ ಸಸಿ ತಾಯಿಯನ್ನು ಹೋಲಬಹುದು, ಆದರೆ ಅದು ಆ ತಳಿಯಲ್ಲ. ಫೋಟೋ ಒಂದನ್ನೇ ನೋಡಿ ಹೆಸರು ಕೊಟ್ಟುಬಿಡಬೇಡಿ. ಗಿಡವನ್ನು ತರಿಸಿಕೊಂಡು, ಎರಡು ಮೂರು ಹಂಗಾಮು ಬೆಳೆಸಿ, ಎತ್ತರ, ಹೂಬಿಡುವ ಕಾಲ, ಎಲೆಯ ಬುಡದ ಬಣ್ಣ, ವಾಸನೆ ಮುಂತಾದ ಹಳೆಯ ವಿವರಣೆಯ ಅಂಶಗಳನ್ನು ಒಂದೊಂದಾಗಿ ಹೋಲಿಸಿ. ಹೊಂದದಿದ್ದರೆ ‘ಹೆಸರು ತಿಳಿಯದ್ದು’ ಎಂದೇ ಬೆಳೆಸಿ. ತಪ್ಪು ಹೆಸರು ಹೊತ್ತ ಗಿಡ ಹೆಸರಿಲ್ಲದ ಗಿಡಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅದು ಸಿಕ್ಕಿತೆಂದುಕೊಂಡು ನಿಜವಾದುದನ್ನು ಹುಡುಕುವುದನ್ನೇ ಎಲ್ಲರೂ ನಿಲ್ಲಿಸಿಬಿಡುತ್ತಾರೆ.

ಪ್ರಶ್ನೆ: ಸಂಚಾರ ಮುಗಿದ ಮೇಲೆ ಫಲಕಗಳನ್ನು ಏನು ಮಾಡುವುದು? ನಮ್ಮಲ್ಲಿ ಜಾಗವಿಲ್ಲ.

ಉತ್ತರ: ಫಲಕಗಳನ್ನು ಶಾಲೆಗೋ ಗ್ರಂಥಾಲಯಕ್ಕೋ ಕೊಟ್ಟುಬಿಡಬಹುದು, ಅವು ಪ್ರತಿಕೃತಿಗಳಾದ್ದರಿಂದ ಕೊಡಲು ಕೈ ಹಿಂಜರಿಯುವುದಿಲ್ಲ. ಇಟ್ಟುಕೊಳ್ಳಬೇಕಾದದ್ದು ಚೀಟಿಗಳ ಪೆಟ್ಟಿಗೆ. ಪ್ರತಿ ಚೀಟಿಯ ಮೇಲೆ ಊರು ಮತ್ತು ದಿನಾಂಕವನ್ನು ಅಂದೇ ಬರೆಯಿಸಿ, ಅದು ಯಾವ ಸಂಖ್ಯೆಯ ದಾಖಲೆಗೆ ಸಂಬಂಧಿಸಿದೆಯೋ ಆ ದಾಖಲೆಯ ಪುಟದಲ್ಲಿ ನಮೂದಿಸಿ; ಒಂದೇ ಫೋಟೋಗೆ ಇಬ್ಬರು ಎರಡು ಹೆಸರು ಹೇಳಿದ್ದರೆ ಎರಡನ್ನೂ ನಮೂದಿಸಿ, ತೀರ್ಪು ಕೊಡುವ ಅವಸರ ಬೇಡ. ಹೆಸರು, ದೂರವಾಣಿ ಬರೆದುಕೊಟ್ಟವರಿಗೆ ಅವರ ಮಾತಿನಿಂದ ಏನು ತಿಳಿದುಬಂತು ಎಂದು ಒಂದು ಸಾಲಿನ ಉತ್ತರ ಹೋಗಲಿ. ಫಲಕಗಳ ಮುದ್ರಣದ ಕಡತಗಳು, ಸುತ್ತಿದ ಊರುಗಳ ಪಟ್ಟಿ, ಸಂದರ್ಶಕರ ಪುಸ್ತಕ ಇವುಗಳನ್ನು ಕೂಡಿಸಿ ಒಂದು ಪೆಟ್ಟಿಗೆಗೆ ಹಾಕಿ, ನಿಮ್ಮ ಪಟ್ಟಿಯಲ್ಲಿ ಮುಂದಿನ ಸಂಖ್ಯೆಯನ್ನು ಅದಕ್ಕೆ ಕೊಡಿ.